ಜೀಜೀಭಾಯ್ ಜಾಡು ಹಿಡಿದು: ಗದಗದ ಎರೆಯಿಂದ ಮುಂಬಯಿಯ ಬಂದರಿಗೆ

ಜೆ.ಜೆ. ಎಂಬ ಎರಡಕ್ಷರ ನಮ್ಮ ಕಡೆ ಹೊಸದಲ್ಲ. ದೊಡ್ಡ ಕಾಯಿಲೆಗೆಂದು ಮುಂಬಯಿಗೆ ಹೋದವರ ಬಾಯಲ್ಲಿ ಅದು ಆಸ್ಪತ್ರೆ, ಚಿತ್ರಕಲೆ ಕಲಿತವರ ಬಾಯಲ್ಲಿ ಅದು ಶಾಲೆ. ಆ ಅಕ್ಷರಗಳ ಹಿಂದಿರುವ ಮನುಷ್ಯ ಸರ್ ಜಮ್ಶೇಟ್‌ಜೀ ಜೀಜೀಭಾಯ್ (1783–1859). ಹತ್ತಿ ತುಂಬಿದ ಹಡಗಿನಲ್ಲಿ ಚೀನಾಕ್ಕೆ ಹೊರಟು, ಫ್ರೆಂಚರ ಕೈಗೆ ಸಿಕ್ಕು, ಆಫ್ರಿಕಾದ ತುದಿಯಲ್ಲಿ ಎಲ್ಲ ಕಳೆದುಕೊಂಡು ಬದುಕಿ ಬಂದ ಪಾರ್ಸಿ ವರ್ತಕ. ಮುಂದೆ ಗಳಿಸಿದ್ದರಲ್ಲಿ ದೊಡ್ಡ ಪಾಲನ್ನು ದಾನಕ್ಕೆ ಕೊಟ್ಟ. ಅವನ ಹಣ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬುದನ್ನು ಮುಂಬಯಿಯ ಕಟ್ಟಡಗಳಷ್ಟನ್ನೇ ನೋಡಿ ತಿಳಿಯಲಾಗದು. ಹತ್ತಿ ಬೆಳೆಯುವ ನೆಲದಿಂದ ಹೊರಟು, ಘಟ್ಟ ಇಳಿದು, ಸಮುದ್ರದ ಬದಿಯಲ್ಲಿ ಸಾಗಿ ಮುಂಬಯಿ ಸೇರಬೇಕು. ಈ ಪ್ರವಾಸದ ಕ್ರಮ ಅದೇ.

ಹೊರಡಲು ಒಳ್ಳೆಯ ಕಾಲ ಜನವರಿ ಮಧ್ಯದಿಂದ ಫೆಬ್ರುವರಿ ಕೊನೆ. ಮುಂಗಾರಿ ಹತ್ತಿ ಜಿನ್ನುಗಳಿಗೆ, ಅಂದರೆ ಹತ್ತಿಯಿಂದ ಕಾಳು ಬಿಡಿಸುವ ಕಾರ್ಖಾನೆಗಳಿಗೆ, ಬಂದು ಬಿದ್ದಿರುತ್ತದೆ, ಹಿಂಗಾರಿ ಜವಾರಿ ಹತ್ತಿ ಹೊಲದಲ್ಲಿ ಒಡೆಯುತ್ತಿರುತ್ತದೆ, ಘಟ್ಟದ ರಸ್ತೆ ಒಣಗಿರುತ್ತದೆ. ಮಳೆಗಾಲದಲ್ಲಿ ಹೋದರೆ ಈ ಮೂರರಲ್ಲಿ ಒಂದೂ ಸಿಗುವುದಿಲ್ಲ.

ಮೊದಲ ದಿನ: ಕುಸುಗಲ್ಲ, ಹುಲಕೋಟಿ, ಗದಗ

ಹುಬ್ಬಳ್ಳಿಯಿಂದ ಬೆಳಗಿನ ಪ್ಯಾಸೆಂಜರ್ ಗಾಡಿಯೇ ಸರಿ. ಎಕ್ಸ್‌ಪ್ರೆಸ್ ಹತ್ತಿದರೆ ಸಣ್ಣ ನಿಲ್ದಾಣಗಳು ತಪ್ಪುತ್ತವೆ. ನಗರ ದಾಟುತ್ತಲೇ ಎರಡೂ ಕಡೆ ಎರೆ ಭೂಮಿ ಶುರು. ಈ ಮಣ್ಣು ನೀರು ಹಿಡಿದಿಡುತ್ತದೆ. ಮಳೆ ನಿಂತ ಮೇಲೂ ಚಳಿಗಾಲದ ತೇವದಲ್ಲೇ ಜವಾರಿ ಹತ್ತಿ ಬೆಳೆದು ನಿಲ್ಲುವುದು ಇದರ ಬಲದಿಂದ. ಬೇಸಿಗೆಯಲ್ಲಿ ಇದೇ ಮಣ್ಣು ಕಾಲು ಸಿಕ್ಕಿಕೊಳ್ಳುವಷ್ಟು ಅಗಲವಾಗಿ ಬಿರಿಯುತ್ತದೆ.

ಕುಸುಗಲ್ಲದಲ್ಲಿ ಇಳಿದು ನೋಡಲು ಸ್ಮಾರಕವೇನೂ ಇಲ್ಲ. ಆದರೂ ಈ ಊರ ಹೆಸರು ಹತ್ತಿಯ ಚರಿತ್ರೆಯಲ್ಲಿ ಬಂದೇ ಬರುತ್ತದೆ. 1840ರ ದಶಕದ ಮೊದಲಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದಿಂದ ಹತ್ತಿ ತೋಟಗಾರರನ್ನು ಕರೆಸಿತು. ಅವರಲ್ಲಿ ಮರ್ಸರ್ ಎಂಬಾತ ಇಲ್ಲಿ ನ್ಯೂ ಆರ್ಲಿಯನ್ಸ್ ಬೀಜದ ಪ್ರಯೋಗ ಮಾಡಿದ. ಇಂಗ್ಲೆಂಡಿನ ಲಂಕಾಶೈರಿನ ಗಿರಣಿಗಳಿಗೆ ಉದ್ದ ಎಳೆಯ ಹತ್ತಿ ಬೇಕಿತ್ತು, ನಮ್ಮ ಜವಾರಿಯದು ಗಿಡ್ಡ ಎಳೆ. ಬೇರೆ ಕಡೆ ಸೋತ ಅಮೆರಿಕನ್ ಬೀಜ ಧಾರವಾಡ ಸೀಮೆಯಲ್ಲಿ ಬೇರು ಬಿಟ್ಟಿತು. ಎರಡೂ ಮಾನ್ಸೂನುಗಳ ಮಳೆ ಇಷ್ಟಿಷ್ಟು ಸಿಗುವುದು, ಬಿಸಿಲು ತೀರ ಕಡುವಾಗದಿರುವುದು ಅದಕ್ಕೆ ಕಾರಣ. ‘ಧಾರವಾಡ-ಅಮೆರಿಕನ್’ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಹೋಯಿತು.

ಮುಂದಿನ ಗಾಡಿಗೆ ಹುಲಕೋಟಿ. ಇದು ಸಹಕಾರಿ ನೂಲಿನ ಗಿರಣಿ ಬೆಳೆದ ಊರು ಎಂಬುದು ಗೊತ್ತೇ ಇದೆ, ಈ ಪ್ರವಾಸಕ್ಕೆ ಬೇಕಾದದ್ದು ಅದಕ್ಕಿಂತ ಹಿಂದಿನ ಮೆಟ್ಟಿಲಾದ ಜಿನ್ನು. ಹುಲಕೋಟಿ, ಗದಗ, ಅಣ್ಣಿಗೇರಿ ಸುತ್ತ ಯಾವುದಾದರೂ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಮೊದಲೇ ಫೋನು ಮಾಡಿ ಕೇಳಿದರೆ ಒಳಗೆ ಬಿಡುತ್ತಾರೆ. ಸಡಿಲ ಉಡುಪು, ಉದ್ದ ದುಪಟ್ಟಾ ಬೇಡ. ಬೀಡಿ, ಬೆಂಕಿಪೊಟ್ಟಣ ಗೇಟಿನಲ್ಲೇ ಬಿಡಬೇಕು. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಅರಳೆಯ ದೂಳು ಎದೆಗೆ ಇಳಿಯುತ್ತದೆ.

ಕೆಲಸದ ಕ್ರಮ ಹೀಗೆ. ಅಂಡಿಗೆಯಿಂದ ಸುರಿದ ಹತ್ತಿಯಲ್ಲಿ ಮೊದಲು ಎಲೆಚೂರು, ಕೌಂಚು, ಕಲ್ಲು ಆರಿಸುತ್ತಾರೆ. ನಂತರ ಅದು ಜೋಡಿ ರೋಲರಿನ ಜಿನ್ನಿಗೆ ಬೀಳುತ್ತದೆ. ಕ್ರೋಮ್ ಚರ್ಮದ ಬಿಲ್ಲೆಗಳನ್ನು ಒತ್ತಿ ಮಾಡಿದ ರೋಲರು ಎಳೆಯನ್ನು ಹಿಡಿದೆಳೆಯುತ್ತದೆ, ಅದಕ್ಕೆ ಒತ್ತಿ ನಿಂತ ಸ್ಥಿರ ಚಾಕು ಕಾಳನ್ನು ತಡೆಯುತ್ತದೆ, ಮೇಲೆ ಕೆಳಗೆ ಆಡುವ ಚಾಕು ಕಾಳನ್ನು ಬಡಿದು ಬೀಳಿಸುತ್ತದೆ. ಎಳೆ ಮುಂದಕ್ಕೆ, ಹತ್ತಿಕಾಳು ಕೆಳಕ್ಕೆ. ಒಂದು ಕ್ವಿಂಟಲ್ ಹತ್ತಿಗೆ ಸುಮಾರು 33ರಿಂದ 35 ಕೆ.ಜಿ. ಅರಳೆ ಬರುತ್ತದೆ, ಉಳಿದದ್ದರಲ್ಲಿ ಹೆಚ್ಚಿನದು ಕಾಳು, ಒಂದೆರಡು ಕೆ.ಜಿ. ಕಸ. ಅರಳೆಯನ್ನು ಒತ್ತಿ ಕಟ್ಟಿದ ಒಂದು ಬೇಲು 170 ಕೆ.ಜಿ., ಅಂದರೆ ಐದು ಕ್ವಿಂಟಲ್ ಹತ್ತಿ. ದರ ಮಾತ್ರ ಇಂದಿಗೂ ಖಂಡಿಯ ಲೆಕ್ಕದಲ್ಲಿ: ಮುಂಬಯಿ ಖಂಡಿ 784 ಪೌಂಡು, ಹೆಚ್ಚುಕಡಿಮೆ 356 ಕೆ.ಜಿ. ಮುಂಬಯಿಯ ಹಳೆಯ ಹತ್ತಿ ವ್ಯಾಪಾರದ ಅಳತೆಯೇ ಇವತ್ತಿನ ಮಾರುಕಟ್ಟೆಯ ಬೋರ್ಡಿನ ಮೇಲೂ ಇದೆ.

ಕೆಡುವುದು ಬಹುಮಟ್ಟಿಗೆ ತೇವದಿಂದ. ಅರಳೆಯಲ್ಲಿ ಶೇ. 8ರ ಆಚೆ ತೇವ ಹೋದರೆ ಎಳೆ ರೋಲರಿಗೆ ಸುತ್ತಿಕೊಳ್ಳುತ್ತದೆ, ಕಾಳು ಒಡೆದು ಎಣ್ಣೆಯ ಕಲೆ ಬೀಳುತ್ತದೆ. ತೀರ ಒಣಗಿದ್ದರೆ ಎಳೆ ತುಂಡಾಗುತ್ತದೆ. ಆರಿಸುವಾಗ ತಪ್ಪಿಸಿಕೊಂಡ ಒಂದು ಕಲ್ಲು ಚಾಕುವಿಗೆ ತಗುಲಿ ಕಿಡಿ ಹಾರಿದರೆ ಇಡೀ ರಾಶಿಗೆ ಬೆಂಕಿ. ಹಸಿ ಹತ್ತಿಯನ್ನು ಒತ್ತಿ ಬೇಲು ಕಟ್ಟಿದರೆ ಒಳಗೇ ಬಿಸಿಯಾಗಿ ಹಳದಿ ತಿರುಗುತ್ತದೆ. ಈ ಮಾತು ನೆನಪಿರಲಿ, ಕುಮಟಾದಲ್ಲಿ ಮತ್ತೆ ಬರುತ್ತದೆ.

ಸಂಜೆ ಗದಗದಲ್ಲಿ ಟಿ.ಪಿ. ಅಕ್ಕಿಯವರು ಕಟ್ಟಿದ ವಿಜಯ ಕಲಾ ಮಂದಿರ ಎಂಬ ಚಿತ್ರಕಲಾ ಶಾಲೆಯನ್ನು ನೋಡಿ ಹುಬ್ಬಳ್ಳಿಗೆ ಮರಳಬಹುದು. ಇದು ಯಾಕೆ ಈ ದಾರಿಯಲ್ಲಿ ಬಂತು ಎಂಬುದಕ್ಕೆ ಉತ್ತರ ಧಾರವಾಡದಲ್ಲಿದೆ.

ಎರಡನೆಯ ದಿನ: ಧಾರವಾಡ

ಬೆಳಿಗ್ಗೆ ಮೊದಲು ಕೃಷಿ ವಿಶ್ವವಿದ್ಯಾಲಯದ ಹತ್ತಿ ಸಂಶೋಧನೆಯ ಹೊಲ. ಬಿ.ಎಚ್. ಕತರಕಿಯವರು ಇಲ್ಲಿ 1972ರಲ್ಲಿ ವರಲಕ್ಷ್ಮಿ ಎಂಬ ತಳಿಯನ್ನು ಹೊರತಂದರು. ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ಬೇಸಾಯಕ್ಕೆ ಕೊಟ್ಟ ಮೊದಲ ಹೈಬ್ರಿಡ್ ಅದು. ಆಮೇಲೆ ಬಂದ ಡಿಸಿಎಚ್-32, ಅಂದರೆ ಜಯಲಕ್ಷ್ಮಿ, ಹಾವೇರಿ ಕಡೆಯ ರೈತರ ಮನೆಮಾತು. ಕುಸುಗಲ್ಲದಲ್ಲಿ ಮರ್ಸರ್ ಬಯಸಿದ ಉದ್ದ ಎಳೆ ಕೊನೆಗೆ ಕೈಗೆ ಬಂದದ್ದು ಇಲ್ಲಿನ ಹೊಲದಲ್ಲಿ, ಕೈಯಿಂದಲೇ ಹೂವಿನ ಕೇಸರ ಕಿತ್ತು ಪರಾಗ ಮುಟ್ಟಿಸುವ ಹೆಣ್ಣುಮಕ್ಕಳ ದುಡಿಮೆಯಿಂದ.

ಕಂಪನಿಯ ಕಾಲದಲ್ಲಿ ಧಾರವಾಡದಲ್ಲಿ ಸರ್ಕಾರದ್ದೇ ಒಂದು ಜಿನ್ ಕಾರ್ಖಾನೆ ಇತ್ತು. ಅಲ್ಲಿ ಗರಗಸದ ಜಿನ್ನುಗಳನ್ನು ಮಾಡಿ, ರಿಪೇರಿ ಮಾಡಿ ಕೊಡುತ್ತಿದ್ದರು. ಅಮೆರಿಕನ್ ಹತ್ತಿಯ ಎಳೆ ಕಾಳಿಗೆ ಅಂಟಿಕೊಂಡಿರುತ್ತದೆ, ಅದನ್ನು ಬಿಡಿಸಲು ಗರಗಸದ ಹಲ್ಲು ಬೇಕು. ಅದೇ ಜಿನ್ನಿಗೆ ಜವಾರಿ ಹಾಕಿದರೆ ಗಿಡ್ಡ ಎಳೆ ಮತ್ತಷ್ಟು ಕತ್ತರಿಸಿಹೋಗುತ್ತದೆ. ಎರಡನ್ನೂ ಒಂದೇ ಕಡೆ ಬಿಡಿಸಿದ್ದರಿಂದ ಕಾಳು ಬೆರೆತು, ಬಿತ್ತಿದ ಬೀಜವೂ ಕಲಬೆರಕೆಯಾಯಿತು. ಧಾರವಾಡ-ಅಮೆರಿಕನ್ ಮಂಕಾದದ್ದಕ್ಕೆ ಇದೂ ಒಂದು ಕಾರಣ.

ಮಧ್ಯಾಹ್ನ ಕರ್ನಾಟಕ ಕಾಲೇಜು. ಕಟ್ಟಡವನ್ನು ಸುತ್ತಿ ನೋಡಿದರೆ ಕಾಲೇಜಿಗೆಂದು ಕಟ್ಟಿದ್ದಲ್ಲ ಎಂದು ತಿಳಿಯುತ್ತದೆ. ಇದು ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿಯಾಗಿತ್ತು. 1880ರ ದಶಕದಲ್ಲಿ ಈ ರೈಲ್ವೆ ಗದಗ, ಹುಬ್ಬಳ್ಳಿಯನ್ನು ಗೋವೆಯ ಮುರ್ಮಗೋವಾ ಬಂದರಿಗೆ ಜೋಡಿಸಿತು. ಕಚೇರಿ ಮದ್ರಾಸಿಗೆ ಹೋದ ಮೇಲೆ, 1917ರಲ್ಲಿ ಶುರುವಾದ ಕಾಲೇಜು ಇಲ್ಲಿ ನೆಲೆಸಿತು. ಅದಕ್ಕೆ ಹಣ ಕೂಡಿಸಲು ಊರೂರು ತಿರುಗಿದವರಲ್ಲಿ ರೊದ್ದ ಶ್ರೀನಿವಾಸರಾಯರು, ಅರಟಾಳ ರುದ್ರಗೌಡರು ಮುಂದಿನವರು. ಒಬ್ಬ ಶ್ರೀಮಂತ ಕೈತುಂಬ ಕೊಟ್ಟದ್ದಲ್ಲ ಇದು, ಸಾವಿರ ಕೈಗಳಿಂದ ಬೇಡಿ ತಂದದ್ದು. ಮುಂಬಯಿಯ ದಾನಕ್ಕೂ ಧಾರವಾಡದ ದಾನಕ್ಕೂ ಇರುವ ಈ ವ್ಯತ್ಯಾಸವನ್ನು ಇಲ್ಲೇ ಗುರುತಿಸಿಕೊಂಡರೆ ಮುಂದಿನದನ್ನು ಅಳೆಯಲು ಸುಲಭ.

ಅಲ್ಲಿಂದ ಹಾಲಭಾವಿ ಕಲಾಶಾಲೆ. ಡಿ.ವಿ. ಹಾಲಭಾವಿಯವರು ಮುಂಬಯಿಯ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ನಲ್ಲಿ ಕಲಿತು ಬಂದು ಇಲ್ಲಿ ಶಾಲೆ ಕಟ್ಟಿದರು. ಆಗ ಧಾರವಾಡ ಮುಂಬಯಿ ಪ್ರಾಂತದಲ್ಲಿತ್ತು. ಚಿತ್ರಕಲಾ ಶಿಕ್ಷಕರಾಗಬೇಕಾದರೆ ಮುಂಬಯಿಯ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಡ್ರಾಯಿಂಗ್ ಪರೀಕ್ಷೆ ಪಾಸಾಗಬೇಕಿತ್ತು. ವಸ್ತುಚಿತ್ರ, ನಿಸರ್ಗಚಿತ್ರ, ಸ್ಮೃತಿಚಿತ್ರ, ರೇಖಾಗಣಿತ, ಅಕ್ಷರ ಬರೆಯುವುದು: ನಮ್ಮ ಕಡೆಯ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರರೆಲ್ಲ ಹಾದುಬಂದ ದಾರಿ ಇದೇ. ಹಾಲಭಾವಿಯವರ ಶಾಲೆ, ಗದಗಿನ ಕಲಾ ಮಂದಿರ ಇಂಥವು ಬೆಳೆದ ಮೇಲೆ ಆ ತಯಾರಿಗೆ ಮುಂಬಯಿಗೆ ಹೋಗುವ ಖರ್ಚು ಉಳಿಯಿತು. ಪಾರ್ಸಿ ವರ್ತಕನೊಬ್ಬ ಮುಂಬಯಿಯಲ್ಲಿ ಕೊಟ್ಟ ಒಂದು ಲಕ್ಷ ರೂಪಾಯಿಯಲ್ಲಿ ನಮ್ಮ ಪಾಲಿಗೆ ಬಂದದ್ದು ಇದು ಎಂದು ಧೈರ್ಯವಾಗಿ ಹೇಳಬಹುದು.

ರಾತ್ರಿ ಹುಬ್ಬಳ್ಳಿಯಲ್ಲಿ ತಂಗಿ. ಲೈನ್ ಬಜಾರಿನ ಪೇಢೆ ಕಟ್ಟಿಸಿಕೊಳ್ಳುವುದಾದರೆ ಹುಬ್ಬಳ್ಳಿಗೆ ಹೊರಡುವ ಮೊದಲೇ ಆಗಲಿ.

ಮೂರನೆಯ ದಿನ: ಶಿರಸಿ, ದೇವಿಮನೆ ಘಟ್ಟ, ಕುಮಟಾ

ಬೆಳಿಗ್ಗೆ ಆರಕ್ಕೆ ಬಿಡಬೇಕು. ತಡಸ, ಮುಂಡಗೋಡ, ಶಿರಸಿ, ಅಲ್ಲಿಂದ ದೇವಿಮನೆ ಘಟ್ಟ ಇಳಿದು ಕುಮಟಾ. ಶಿರಸಿಯವರೆಗೆ ನೂರು ಕಿ.ಮೀ. ಮೇಲೆ, ಅಲ್ಲಿಂದ ಅರವತ್ತರಷ್ಟು. ಘಟ್ಟದಲ್ಲಿ ರಸ್ತೆ ಕೆಲಸ ನಡೆದಾಗ ವಾಹನ ಬಿಡುವುದಿಲ್ಲ, ಹಿಂದಿನ ದಿನವೇ ಶಿರಸಿಯಲ್ಲಿ ವಿಚಾರಿಸಿ. ಬಂದ್ ಇದ್ದರೆ ಯಲ್ಲಾಪುರ, ಅರಬೈಲು ಘಟ್ಟ, ಅಂಕೋಲಾ ಮೂಲಕ ಹೋಗಬಹುದು, ಸುತ್ತಾದರೂ ಅಗಲ ರಸ್ತೆ.

ಈ ದಾರಿಯಲ್ಲೇ ನಮ್ಮ ಹತ್ತಿ ಸಮುದ್ರಕ್ಕೆ ಇಳಿಯುತ್ತಿತ್ತು. ಮೊದಲು ಲಂಬಾಣಿಗರ ಹೇರೆತ್ತುಗಳ ಮೇಲೆ, ಘಟ್ಟಕ್ಕೆ ಬಂಡಿ ರಸ್ತೆ ಆದಮೇಲೆ ಚಕ್ಕಡಿಯಲ್ಲಿ. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಧಾರವಾಡದ ಜವಾರಿ ಹತ್ತಿಗೆ ‘ಕುಮಟಾ’ ಎಂದೇ ಹೆಸರು, ಹತ್ತಿಯ ಒಂದು ಗಿಡವೂ ಬೆಳೆಯದ ಊರಿನ ಹೆಸರು. ಹೊಲದಲ್ಲಿ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಬಿಡಿಸಿದ ಹತ್ತಿ ಮೇ ಮುಗಿಯುವುದರೊಳಗೆ ಮುಂಬಯಿ ಮುಟ್ಟಬೇಕಿತ್ತು. ಜೂನ್ ಬಂದರೆ ಹಾಯಿಹಡಗು ಕಡಲಿಗಿಳಿಯುವುದಿಲ್ಲ. ತಡವಾದ ಮಾಲು ಮಳೆಗಾಲವೆಲ್ಲ ಕುಮಟಾದ ಮಂಡಿಗಳಲ್ಲಿ ತೇವ ಕುಡಿದು ಕೂಡುತ್ತಿತ್ತು. ಆ ಅವಸರದಲ್ಲೇ ಮೋಸ ಹುಟ್ಟಿತು. ತೂಕ ಬರಲೆಂದು ನೀರು ಚಿಮುಕಿಸುವುದು, ಕಾಳು, ಮಣ್ಣು ಬೆರೆಸುವುದು ಎಷ್ಟು ಬೆಳೆಯಿತೆಂದರೆ ಮುಂಬಯಿ ಸರ್ಕಾರ 1863ರಲ್ಲಿ ಹತ್ತಿ ವಂಚನೆ ತಡೆಯಲೆಂದೇ ಕಾನೂನು ತಂದಿತು. ಅದರ ಹಿಂದಿನ ವರ್ಷ, 1862ರಲ್ಲಿ, ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ಬಿಡಿಸಿ ಮುಂಬಯಿಗೆ ಸೇರಿಸಿದರು. ಹತ್ತಿ ಬೆಳೆಯುವ ಧಾರವಾಡ, ಹತ್ತಿ ಇಳಿಯುವ ಬಂದರು ಎರಡೂ ಒಂದೇ ಕೈಯಲ್ಲಿರಲಿ ಎಂಬುದು ಅದರ ಹಿಂದಿನ ಒತ್ತಾಯ. ಮುರ್ಮಗೋವೆಗೆ ರೈಲು ಬಂದಮೇಲೆ ಕುಮಟಾದ ಹತ್ತಿ ವ್ಯಾಪಾರ ಕುಸಿಯಿತು.

ಬಂದರಿನ ಅಳಿವೆಯ ಬಳಿ ಕೂತು ಜೀಜೀಭಾಯಿಯ ಹಡಗಿನ ಕಥೆ ಓದುವುದು ಸರಿ, ಏಕೆಂದರೆ ಅದು ಹತ್ತಿಯ ಹಡಗು. ಹುಡುಗ ಹದಿನಾರು ದಾಟುವ ಮೊದಲೇ ತಂದೆ ತಾಯಿಯನ್ನು ಕಳೆದುಕೊಂಡ. ಖಾಲಿ ಬಾಟಲಿ ವ್ಯಾಪಾರದ ಮಾವ ಫ್ರಾಮ್‌ಜೀ ಬಾಟ್ಲಿವಾಲಾನ ಬಳಿ ಕೆಲಸ ಕಲಿತ, 1803ರಲ್ಲಿ ಅವನ ಮಗಳು ಆವಾಬಾಯಿಯನ್ನು ಮದುವೆಯಾದ. ಚೀನಾದ ನಾಲ್ಕನೆಯ ಪಯಣ 1805ರಲ್ಲಿ, ‘ಬ್ರನ್ಸ್‌ವಿಕ್’ ಎಂಬ 1200 ಟನ್ನಿನ ಹಡಗಿನಲ್ಲಿ. ಮುಂಬಯಿಯಿಂದ ಆಗ ಚೀನಾಕ್ಕೆ ಹೋಗುತ್ತಿದ್ದ ಹತ್ತಿ ಮುಖ್ಯವಾಗಿ ಗುಜರಾತಿನದು, ಧಾರವಾಡ ಸೀಮೆ ಇನ್ನೂ ಪೇಶ್ವೆಗಳದು. ಜುಲೈ ತಿಂಗಳಲ್ಲಿ ಸಿಂಹಳದ ಗಾಲೆಯ ಹತ್ತಿರ ಫ್ರೆಂಚ್ ಅಡ್ಮಿರಲ್ ಲಿನ್ವಾ ತನ್ನ ‘ಮರೆಂಗೋ’ ಯುದ್ಧನೌಕೆಯಿಂದ ಬ್ರನ್ಸ್‌ವಿಕ್ ಹಿಡಿದ. ಹಡಗನ್ನೂ ಸೆರೆಯಾಳುಗಳನ್ನೂ ಕೇಪ್ ಆಫ್ ಗುಡ್ ಹೋಪ್‌ಗೆ ಒಯ್ದರು. ಸೆಪ್ಟೆಂಬರಿನಲ್ಲಿ ಸೈಮನ್ಸ್ ಬೇಯಲ್ಲಿ ಬಿರುಗಾಳಿಗೆ ಲಂಗರು ಕಳಚಿ ಬ್ರನ್ಸ್‌ವಿಕ್ ದಡಕ್ಕೆ ಅಪ್ಪಳಿಸಿ ಒಡೆಯಿತು. ಜೀಜೀಭಾಯಿಯ ಮಾಲೆಲ್ಲ ಹೋಯಿತು. ಡೆನ್ಮಾರ್ಕಿನ ಹಡಗೊಂದರಲ್ಲಿ ಕಲ್ಕತ್ತೆಗೆ ಬಂದು, ಅಲ್ಲಿಂದ ಮುಂಬಯಿಗೆ ಮರಳಿದ. ಮರಳಿದವನು ಕೂಡಲಿಲ್ಲ, ಚೀನಾಕ್ಕೆ ಐದನೆಯ ಸಲ ಹೋಗಿ ಬಂದ.

ಆ ನಷ್ಟದಲ್ಲಿ ಅವನಿಗೆ ಸಿಕ್ಕದ್ದು ಒಂದು ಸ್ನೇಹ. ಬ್ರನ್ಸ್‌ವಿಕ್‌ನ ವೈದ್ಯ ವಿಲಿಯಂ ಜಾರ್ಡಿನ್ ಕೂಡ ಅದೇ ಸೆರೆಯಲ್ಲಿದ್ದ. ಮುಂದೆ 1832ರಲ್ಲಿ ಅವನೇ ಚೀನಾದ ಕ್ಯಾಂಟನ್‌ನಲ್ಲಿ ಜಾರ್ಡಿನ್ ಮ್ಯಾಥೆಸನ್ ಕಂಪನಿ ಕಟ್ಟಿದ. ಮುಂಬಯಿಯಿಂದ ಅವನಿಗೆ ಮಾಲು ಕಳಿಸಿದವರಲ್ಲಿ ಜೀಜೀಭಾಯ್ ಎಲ್ಲರಿಗಿಂತ ಮುಂದೆ.

ಕುಮಟಾದಿಂದ ಸಂಜೆ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಸಿಗುತ್ತದೆ, ಬೆಳಿಗ್ಗೆ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್. ಟಿಕೆಟು ಮುಂಗಡ ಕಾಯ್ದಿರಿಸದೆ ಘಟ್ಟ ಇಳಿಯಬೇಡಿ. ಕೊಂಕಣ ರೈಲಿನಲ್ಲಿ ಚಳಿಗಾಲದ ರಜೆಗೆ ಸೀಟು ಉಳಿಯುವುದಿಲ್ಲ.

ನಾಲ್ಕನೆಯ ದಿನ: ಮುಂಬಯಿ

ಕುರ್ಲಾದಿಂದ ಆಟೊ ಹಿಡಿದು ಬಾಂದ್ರಾ ಕಡೆಯಿಂದ ಮಾಹಿಮ್ ಕಾಸ್‌ವೇಗೆ ಬನ್ನಿ. ದ್ವೀಪದ ನಗರದೊಳಗೆ ಆಟೊ ಬಿಡುವುದಿಲ್ಲ, ಮುಂದೆ ಲೋಕಲ್ ಅಥವಾ ಟ್ಯಾಕ್ಸಿ. ಈ ಸೇತುದಾರಿಯನ್ನು ಕಟ್ಟಿಸಿದ್ದು ಜೀಜೀಭಾಯಿಯ ಹೆಂಡತಿ ಆವಾಬಾಯಿ. ಬಾಂದ್ರಾ, ಮಾಹಿಮ್ ನಡುವೆ ಆಗ ದೋಣಿಯೇ ಗತಿ. ಮಳೆಗಾಲದಲ್ಲಿ ದೋಣಿ ಮಗುಚಿ ಜನ ಸಾಯುತ್ತಿದ್ದರು. ಸರ್ಕಾರ ಖರ್ಚಿಗೆ ಹಿಂಜರಿದಾಗ ಆಕೆ 1,57,000 ರೂಪಾಯಿ ಕೊಟ್ಟಳು, ಶರತ್ತು ಒಂದೇ: ದಾಟುವವರಿಂದ ಸುಂಕ ತೆಗೆಯಬಾರದು. 1845ರಲ್ಲಿ ತೆರೆಯಿತು. ಮಾಹಿಮ್‌ನ ಲೇಡಿ ಜಮ್ಶೇಟ್‌ಜೀ ರಸ್ತೆ ಆಕೆಯ ಹೆಸರಿನದು. ಎಡಬದಿಯ ಕಾಲುದಾರಿಯಲ್ಲಿ ನಡೆದರೆ ಹತ್ತು ನಿಮಿಷ, ವಾಹನ ಜೋರು, ಮಕ್ಕಳ ಕೈ ಬಿಡಬೇಡಿ.

ಮಾಹಿಮ್‌ನಿಂದ ನಿಧಾನದ ಲೋಕಲ್‌ನಲ್ಲಿ ಚರ್ನಿ ರೋಡ್. ಸರ್ಕಾರ ದನ ಮೇಯಿಸಲು ಸುಂಕ ಹಾಕಿದಾಗ ಜೀಜೀಭಾಯ್ ಠಾಕೂರ್‌ದ್ವಾರದ ಬಳಿ ನೆಲ ಕೊಂಡು ಬಿಟ್ಟಿ ಮೇವಿಗೆ ಬಿಟ್ಟ ಎಂಬುದು ಇಲ್ಲಿ ಜನ ಹೇಳಿಕೊಂಡು ಬಂದ ಮಾತು. ಈಗ ನೋಡಲು ಏನೂ ಉಳಿದಿಲ್ಲ, ಇಳಿಯದೆ ಮುಂದೆ ಹೋದರೂ ನಡೆಯುತ್ತದೆ.

ಬೈಕುಳಾದ ಜೆ.ಜೆ. ಆಸ್ಪತ್ರೆಗೆ ಸಮಯ ಕೊಡಬೇಕು. ಸರ್ಕಾರವೂ ಅಷ್ಟೇ ಹಣ ಹಾಕಬೇಕೆಂಬ ಕರಾರಿನ ಮೇಲೆ ಜೀಜೀಭಾಯ್ ಒಂದು ಲಕ್ಷ ರೂಪಾಯಿ ಕೊಡಲು ಮುಂದಾದ. 1843ರ ಜನವರಿಯಲ್ಲಿ ಅಡಿಗಲ್ಲು, 1845ರಲ್ಲಿ ಆಸ್ಪತ್ರೆ. ಬಡವರಿಗೆ ಜಾತಿ ಕೇಳದೆ ಔಷಧ. ಪಕ್ಕದಲ್ಲೇ ಗ್ರಾಂಟ್ ಮೆಡಿಕಲ್ ಕಾಲೇಜು ಬಂದದ್ದರಿಂದ ಇಲ್ಲಿನ ವಾರ್ಡುಗಳು ವೈದ್ಯರನ್ನು ತಯಾರಿಸುವ ಜಾಗವೂ ಆದವು. ಇದು ಇಂದಿಗೂ ರೋಗಿಗಳಿಂದ ತುಂಬಿದ ಸರ್ಕಾರಿ ಆಸ್ಪತ್ರೆ, ವಾರ್ಡಿನೊಳಗೆ ತಿರುಗಬೇಡಿ, ಫೋಟೊ ಬೇಡ. ಹೊರಗಿನಿಂದ ಹಳೆಯ ಕಟ್ಟಡ ನೋಡಿದರೆ ಸಾಕು.

ಅಡಿಗಲ್ಲಿನ ವರ್ಷದ ಮುಂದೆ ನಿಂತು ಲೆಕ್ಕ ಹಾಕಬೇಕಾದ ಜಾಗ ಇದು. ಅವನ ದೊಡ್ಡ ಗಳಿಕೆ ಬಂದದ್ದು ಮಾಳವದ ಅಫೀಮಿನಿಂದ. ಹತ್ತಿಗೆ ಚೀನಾದಲ್ಲಿ ಬೇಡಿಕೆ ಏರಿಳಿದರೂ ಅಫೀಮಿಗೆ ಇಳಿಯಲಿಲ್ಲ. ಮೋತಿಚಂದ್ ಅಮೀಚಂದ್, ಮಹಮ್ಮದಲಿ ರೋಘೆ, ಗೋವೆಯ ರೊಜೇರಿಯೊ ಡಿ ಫಾರಿಯಾ ಅವನ ಜೊತೆಗಾರರು. ಚೀನಾ ತನ್ನ ಜನರನ್ನು ಉಳಿಸಿಕೊಳ್ಳಲು ಅಫೀಮು ತಡೆದದ್ದಕ್ಕೆ 1839ರಲ್ಲಿ ಯುದ್ಧ ಬಂತು, 1842ರಲ್ಲಿ ನಾನ್‌ಜಿಂಗ್ ಒಪ್ಪಂದದಲ್ಲಿ ಮುಗಿಯಿತು. ಅದೇ 1842ರಲ್ಲಿ ಜೀಜೀಭಾಯಿಗೆ ‘ಸರ್’ ಪದವಿ, ಭಾರತೀಯನೊಬ್ಬನಿಗೆ ಮೊದಲ ಸಲ. ಮರುವರ್ಷ ಆಸ್ಪತ್ರೆಯ ಅಡಿಗಲ್ಲು. ದಾನವನ್ನು ಹೊಗಳುವವರು ಈ ವರ್ಷಗಳನ್ನು ಬಿಟ್ಟು ಬರೆಯುವುದುಂಟು, ಅದು ಕ್ಯಾಂಟನ್‌ನಲ್ಲಿ ಸತ್ತವರಿಗೆ ಮಾಡುವ ಅನ್ಯಾಯ. ಹಾಗೆಂದು ದಾನವನ್ನು ತೋರಿಕೆಯೆಂದು ತಳ್ಳಿಹಾಕುವುದೂ ಸಲ್ಲದು. 1822ರಲ್ಲೇ, ಪದವಿಯ ಮಾತೇ ಇಲ್ಲದಾಗ, ಸಾಲಕ್ಕೆ ಜೈಲು ಸೇರಿದ ಬಡವರ ಸಾಲ ತೀರಿಸಿ ಬಿಡಿಸಿದವನು ಅವನು.

ಸಂಜೆ ಸಿಎಸ್‌ಎಂಟಿ ರೈಲು ನಿಲ್ದಾಣದ ಎದುರಿನ ಜೆ.ಜೆ. ಸ್ಕೂಲ್ ಆಫ್ ಆರ್ಟ್. ಕುಶಲಕರ್ಮಿಗಳ ಕೈಗೆ ಹೊಸ ವಿದ್ಯೆ ಬರಲೆಂದು ಅವನು 1853ರಲ್ಲಿ ಒಂದು ಲಕ್ಷ ಕೊಡಲು ಮುಂದೆ ಬಂದ. 1857ರ ಮಾರ್ಚಿನಲ್ಲಿ ಎಲ್ಫಿನ್‌ಸ್ಟನ್ ಇನ್‌ಸ್ಟಿಟ್ಯೂಶನ್‌ನಲ್ಲಿ ತರಗತಿ ಶುರು. ಬ್ರಿಟಿಷ್ ಕಲಾವಿದ ಲಾಕ್‌ವುಡ್ ಕಿಪ್ಲಿಂಗ್ 1865ರಿಂದ ಇಲ್ಲಿ ಕಲಿಸಿದ. ಈಗಿನ ಕಟ್ಟಡ 1878ರದು. ನಮ್ಮ ಚಿತ್ರಕಾರ ಕೆ.ಕೆ. ಹೆಬ್ಬಾರರು ಇಲ್ಲೇ ಕಲಿತು ಇಲ್ಲೇ ಕಲಿಸಿದವರು. ಒಳಗೆ ಹೋಗಲು ಮೊದಲೇ ಬರೆದು ಒಪ್ಪಿಗೆ ಪಡೆಯಬೇಕು. ಸಿಗದಿದ್ದರೆ ಎದುರಿನ ಕ್ರಾಫರ್ಡ್ ಮಾರ್ಕೆಟ್‌ನ ಬಾಗಿಲ ಮೇಲಿನ ಉಬ್ಬುಶಿಲ್ಪ ನೋಡಿ, ಅದರ ವಿನ್ಯಾಸ ಕಿಪ್ಲಿಂಗನದು.

ಹುಡುಕುವವರಿಗೆ ಒಂದು ಎಚ್ಚರಿಕೆ. 1857ರಲ್ಲಿ ಅವನಿಗೆ ಬ್ಯಾರೊನೆಟ್ ಪದವಿ ಬಂತು. ಆ ಪದವಿಗೆ ಬರುವ ಪ್ರತಿಯೊಬ್ಬ ವಾರಸುದಾರನೂ ಸ್ವಂತ ಹೆಸರು ಬಿಟ್ಟು ‘ಸರ್ ಜಮ್ಶೇಟ್‌ಜೀ ಜೀಜೀಭಾಯ್’ ಎಂಬ ಹೆಸರನ್ನೇ ಇಟ್ಟುಕೊಳ್ಳಬೇಕೆಂದು 1860ರಲ್ಲಿ ಕಾನೂನಾಯಿತು. ಆದ್ದರಿಂದ 1859ರ ಏಪ್ರಿಲ್ ನಂತರದ ಯಾವ ಕಲ್ಲಿನ ಮೇಲೆ ಈ ಹೆಸರಿದ್ದರೂ ಅದು ಮಕ್ಕಳ, ಮೊಮ್ಮಕ್ಕಳ ಕೊಡುಗೆಯೂ ಆಗಿರಬಹುದು. ಎಲ್ಲವನ್ನೂ ಒಬ್ಬನ ಲೆಕ್ಕಕ್ಕೆ ಬರೆದುಬಿಡುವ ತಪ್ಪು ಆಗುವುದು ಇಲ್ಲಿಯೇ.

ಮರಳುವ ದಿನ: ಪುಣೆ

ಹುಬ್ಬಳ್ಳಿಗೆ ನೇರ ಗಾಡಿ ಇದ್ದರೂ ಪುಣೆಯಲ್ಲಿ ಅರ್ಧ ದಿನ ಇಳಿಯಿರಿ. ನಿಲ್ದಾಣದಿಂದ ಆಟೊದಲ್ಲಿ ಹದಿನೈದು ನಿಮಿಷಕ್ಕೆ ಬಂಡ್ ಗಾರ್ಡನ್. ಮುಳಾ-ಮುಠಾ ನದಿಗೆ ಅಡ್ಡಲಾಗಿ ಕಟ್ಟಿದ ಒಡ್ಡು 1850ರಲ್ಲಿ ಮುಗಿಯಿತು, ಖರ್ಚಿನ ಬಹುಪಾಲು ಜೀಜೀಭಾಯಿಯದು. ಊರಿಗೂ ದಂಡಿಗೂ ನೀರು ಒದಗಿಸಲು ಕಟ್ಟಿದ್ದು. ಫಿಟ್ಜ್‌ಜೆರಾಲ್ಡ್ ಸೇತುವೆಯ ಮೇಲಿಂದ ಒಡ್ಡು ಚೆನ್ನಾಗಿ ಕಾಣುತ್ತದೆ. ನದಿಯಲ್ಲಿ ಈಗ ನಗರದ ಕೊಳೆನೀರೇ ಹೆಚ್ಚು, ದಡಕ್ಕೆ ಇಳಿಯುವುದು ಬೇಡ. ಮಧ್ಯಾಹ್ನದ ಹೊತ್ತಿಗೆ ನಿಲ್ದಾಣಕ್ಕೆ ಬಂದರೆ ಮೀರಜ್, ಬೆಳಗಾವಿ ಮೇಲೆ ಹೋಗುವ ಗಾಡಿ ಸಿಗುತ್ತದೆ. ಗದಗದವರು ಹುಬ್ಬಳ್ಳಿಯಲ್ಲಿ ಬದಲಿಸಬೇಕು.